ಡ್ರೈಯರ್ ಕೊಳವೆಯಲ್ಲಿ ಮಡಿವಾಳ ಹಕ್ಕಿ

ನಮ್ಮ ಮನೆ ಇರುವುದು ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಎರಡು ಕಿಲೋಮೀಟರು ಒಳಗೆ. ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷ ಮುಗಿಯುವವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ. ನಿಧಾನವಾಗಿ ಒಣಗುತ್ತದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಜಗಲಿಯ ಹಗ್ಗಕ್ಕೆ ಹಾಕಿದ ಪಂಚೆ ನಾಲ್ಕನೆಯ ದಿನ ಮುಟ್ಟಿದರೆ ಹಾಕಿದ ದಿನಕ್ಕಿಂತ ತಣ್ಣಗಿರುತ್ತದೆ, ಜೊತೆಗೆ ಒಂದು ವಾಸನೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಅವರ ಬಟ್ಟೆ ಹರಡುತ್ತಿದ್ದೆವು. ಶಾಲೆಯ ಸಮವಸ್ತ್ರಕ್ಕೆ ಬಚ್ಚಲೊಲೆಯ ಮೇಲಿನ ತಂತಿ. ಇಡೀ ತರಗತಿಯೇ ಹೊಗೆ ವಾಸನೆ ಹೊಡೆಯುತ್ತಿದ್ದುದರಿಂದ ಯಾರಿಗೂ ಯಾರ ಮೇಲೂ ದೂರಿರಲಿಲ್ಲ.

ಹೋಂಸ್ಟೇ ಶುರು ಮಾಡಿದ ಮೇಲೆ ಆ ಉಪಾಯ ನಡೆಯಲಿಲ್ಲ. ನಮ್ಮದು ನಾಲ್ಕೇ ಕೋಣೆ. ಆದರೂ ಶನಿವಾರ, ಭಾನುವಾರದ ಅತಿಥಿಗಳು ಹೊರಟರೆಂದರೆ ಎಂಟು ಬೆಡ್‌ಶೀಟು, ಹದಿನಾರು ದಿಂಬಿನ ಚೀಲ, ಲೆಕ್ಕವಿಲ್ಲದಷ್ಟು ಟವೆಲ್ಲು ರಾಶಿ ಬೀಳುತ್ತವೆ. ಬೆಂಗಳೂರಿನಿಂದ ಬರುವವರಿಗೆ ಮಳೆ ಬೇಕು, ಮಂಜು ಬೇಕು, ಬಿಸಿಬಿಸಿ ಕಡುಬು ಬೇಕು. ಮುಗ್ಗಲು ಹೊದಿಕೆ ಮಾತ್ರ ಬೇಡ. ಅದರಲ್ಲಿ ತಪ್ಪೇನೂ ಇಲ್ಲ.

ಹೀಗಿರುವಾಗ ಊರು ಬಿಟ್ಟು ವಿದೇಶಕ್ಕೆ ಹೊರಟ ನಮ್ಮ ಚಿಕ್ಕಪ್ಪನ ಮಗಳು ತನ್ನ ಏಳು ಕೆಜಿಯ ಡ್ರೈಯರ್ ಅನ್ನು ನಮಗೆ ಕೊಟ್ಟಳು. ವಾಷಿಂಗ್ ಮಷೀನಿನೊಳಗೇ ಇರುವ ಡ್ರೈಯರ್ ಅಲ್ಲ, ಬೇರೆಯದೇ ಪೆಟ್ಟಿಗೆ. ಬಿಸಿಗಾಳಿಯನ್ನು ತಿರುಗುವ ಡ್ರಮ್ಮಿನೊಳಗೆ ಹಾಯಿಸಿ, ಆ ಗಾಳಿಯನ್ನು ನಾಲ್ಕು ಇಂಚಿನ ಕೊಳವೆಯ ಮೂಲಕ ಹೊರಗೆ ಊದುವಂಥದ್ದು. ಬಂದ ದಿನ ನಾವು ಅದನ್ನು ಬಚ್ಚಲಿನ ಪಕ್ಕದ ಉಗ್ರಾಣದಲ್ಲಿ ಗೋಡೆಗೆ ತಾಗಿಸಿ ಇಟ್ಟು, 16 ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿ ಚಾಲೂ ಮಾಡಿದೆವು. ಕೊಳವೆ ಹಾಕಲಿಲ್ಲ. ಹಿಂದಿನ ತೂತು ಯಾತಕ್ಕೆ ಎಂದು ಕೇಳಿದ್ದಕ್ಕೆ ನಮ್ಮ ಯಜಮಾನರು, "ಬಿಸಿಗಾಳಿ ತಾನೆ, ಉಗ್ರಾಣ ಬೆಚ್ಚಗಿರಲಿ ಬಿಡು," ಎಂದರು. ನನಗೂ ಸರಿ ಎನಿಸಿತು. ಅದೇ ಉಗ್ರಾಣದಲ್ಲಿ ಮೂರು ಮೂಟೆ ಕಾಳುಮೆಣಸು ಇತ್ತು.

ಹನ್ನೆರಡನೆಯ ದಿನ ಮೂಟೆಗಳ ಮೇಲೆ ಬಿಳಿ ಬೂಷ್ಟು. ಗೋಡೆಯಿಂದ ನೀರು ಇಳಿಯುತ್ತಿತ್ತು. ಹೆಂಚಿನ ಕೆಳಗಿನ ರೀಪರಿನಿಂದ ತಲೆಯ ಮೇಲೆ ಹನಿ. ಸೂರು ಸೋರುತ್ತಿದೆ ಎಂದು ಒಬ್ಬ ಆಳನ್ನು ಮಳೆಯಲ್ಲೇ ಮಾಡು ಹತ್ತಿಸಿದೆವು, ಪಾಪ.

ಆಮೇಲೆ ಒಂದು ದಿನ ಮೆಣಸು ತೂಗುವ ತಕ್ಕಡಿಯಲ್ಲಿ ಬಟ್ಟೆ ತೂಗಿದೆ. ಮೊದಲೇ ಮಾಡಬೇಕಿದ್ದ ಕೆಲಸ. ವಾಷಿಂಗ್ ಮಷೀನು ಹಿಂಡಿ ಕೊಟ್ಟ ಬೆಡ್‌ಶೀಟುಗಳು 9 ಕೆಜಿ 600 ಗ್ರಾಂ. ಒಣಗಿದ ಮೇಲೆ ಅವೇ ಬಟ್ಟೆಗಳು ಸರಿಯಾಗಿ 6 ಕೆಜಿ. ಉಳಿದ 3 ಕೆಜಿ 600 ಗ್ರಾಂ ಎಲ್ಲಿ ಹೋಯಿತು? ಅಷ್ಟೂ ನೀರು, ಹಬೆಯಾಗಿ ಉಗ್ರಾಣದೊಳಗೇ ಹೋಗಿತ್ತು. ದಿನಕ್ಕೆ ಮೂರು ಸಲ ಮಷೀನು ಹಾಕಿದರೆ ಹತ್ತು ಲೀಟರಿಗೂ ಹೆಚ್ಚು, ಅಂದರೆ ಒಂದು ಕೊಡ ನೀರನ್ನು ದಿನವೂ ನಾನೇ ಕೈಯಾರೆ ಮೆಣಸಿನ ಮೇಲೆ ಹೊಯ್ಯುತ್ತಿದ್ದೆ. ಕಾಫಿ ಕಣದಲ್ಲಿ ಬೆಳೆದವಳು ನಾನು. ಕಣದಲ್ಲಿ ಬಿಸಿಲು ಎಷ್ಟೇ ಇರಲಿ, ಮೇಲೆ ಟಾರ್ಪಾಲು ಮುಚ್ಚಿದರೆ ಕಾಫಿ ಒಣಗುವುದಿಲ್ಲ, ಬೆವರುತ್ತದೆ ಎಂಬುದು ಗೊತ್ತಿದ್ದವಳು. ಯಂತ್ರ ಎಂದ ಕೂಡಲೇ ಗೊತ್ತಿದ್ದುದೆಲ್ಲ ಮರೆತುಹೋಗುತ್ತದೆ.

ಮೊದಲ ರಿಪೇರಿ ನನ್ನದೇ. ಮಷೀನಿನ ಜೊತೆ ಬಂದಿದ್ದ ಸ್ಪ್ರಿಂಗಿನಂಥ ಪ್ಲಾಸ್ಟಿಕ್ ಕೊಳವೆಯನ್ನು ಪಶ್ಚಿಮದ ಕಿಟಕಿಯಿಂದ ಹೊರಗೆ ಬಿಟ್ಟು, ಸುತ್ತಲೂ ಪ್ಲೈವುಡ್ ಹೊಡೆಸಿದೆ. ಮಲೆನಾಡಿನಲ್ಲಿ ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ ಎಂಬುದನ್ನು ನಾನು ಯಾರಿಂದಲೂ ಕೇಳಿ ತಿಳಿಯಬೇಕಿರಲಿಲ್ಲ. ಮೊದಲ ರಾತ್ರಿಯೇ ಗಾಳಿ ಕೊಳವೆಯೊಳಗೆ ನುಗ್ಗಿ, ಮಳೆನೀರನ್ನು ಡ್ರಮ್ಮಿನವರೆಗೆ ತಂದು ಸುರಿಯಿತು. ಒಣಗಲು ಹಾಕಿದ ಟವೆಲ್ಲು ಬೆಳಿಗ್ಗೆ ಎರಡನೆಯ ಸಲ ನೆಂದಿತ್ತು.

ಎರಡನೆಯ ರಿಪೇರಿಗೆ ಮೂಡಿಗೆರೆಯಿಂದ ಪ್ಲಂಬರ್ ಬಂದ. ಒಳ್ಳೆಯ ಹುಡುಗ, ಆದರೆ ಅವನಿಗೆ ಗೊತ್ತಿರುವುದು ನೀರಿನ ಪೈಪು. ನಾಲ್ಕು ಇಂಚಿನ ಪಿವಿಸಿ ಪೈಪನ್ನು ಗೋಡೆಗುಂಟ ಮೇಲಕ್ಕೆ ಹತ್ತಿಸಿ, ಅಟ್ಟದ ಮೇಲೆ ಅಡ್ಡ ಎಳೆದು, ಸೂರಿನ ಅಂಚಿನಲ್ಲಿ ಹೊರಗೆ ಬಿಟ್ಟ. ಒಟ್ಟು 22 ಅಡಿ, ನಾಲ್ಕು ತಿರುವು. "ಅಕ್ಕಾ, ಇನ್ನು ಇಪ್ಪತ್ತು ವರ್ಷ ಇದರ ತಂಟೆಗೆ ಬರಬೇಕಿಲ್ಲ," ಎಂದು ಹೇಳಿ ಹೋದ. ಆ ಮಳೆಗಾಲ ಹೇಗೋ ನಡೆಯಿತು. ಒಂದು ಸಲಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು; ಡ್ರೈಯರ್ ಎಂದರೆ ಅಷ್ಟು ಹೊತ್ತು ಬೇಕಾಗುತ್ತದೆ ಎಂದುಕೊಂಡೆವು.

ಬೇಸಿಗೆಯಲ್ಲಿ ನಾವು ಡ್ರೈಯರ್ ಮುಟ್ಟುವುದಿಲ್ಲ. ಬಿಸಿಲಿರುವಾಗ ಕರೆಂಟಿಗೆ ಯಾಕೆ ದುಡ್ಡು ಸುರಿಯಬೇಕು. ಆ ಏಪ್ರಿಲ್‌ನಲ್ಲಿ ಪೈಪಿನ ಬಾಯಿಯ ಹತ್ತಿರ ಕಪ್ಪು ಬಿಳುಪಿನ ಒಂದು ಹಕ್ಕಿ ಹುಲ್ಲು ಕಚ್ಚಿಕೊಂಡು ಓಡಾಡತೊಡಗಿತು. ಮಡಿವಾಳ ಹಕ್ಕಿ. ಬಟ್ಟೆ ಒಣಗಿಸುವ ಯಂತ್ರದ ಕೊಳವೆಯಲ್ಲಿ ಮಡಿವಾಳ ಗೂಡು ಕಟ್ಟಿದ್ದು ನಮ್ಮ ಮನೆಯಲ್ಲಿ ಒಂದು ವಾರದ ತಮಾಷೆಯಾಯಿತು. ಮರದ ಪೊಟರೆ, ಗೋಡೆಯ ಬಿರುಕು, ಪೈಪಿನ ಬಾಯಿ, ಏನಾದರೂ ಒಂದು ತೂತು ಸಿಕ್ಕರೆ ಸಾಕು ಅದಕ್ಕೆ. ಮರಿಗಳು ಹಾರಿಹೋಗುವವರೆಗೆ ಯಾರೂ ಆ ಕಡೆ ಹೋಗಬಾರದು ಎಂದು ಅತ್ತೆ ಅಪ್ಪಣೆ ಮಾಡಿದರು. ಮರಿಗಳು ಹಾರಿದವು, ಗೂಡು ತೆಗೆದೆವು. ಮುಂದಿನ ವರ್ಷ ಮತ್ತೆ ಬಾರದಿರಲೆಂದು ಯಜಮಾನರು ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಿದರು. ಹಾವೂ ಬರುವುದಿಲ್ಲ, ಇಲಿಯೂ ಬರುವುದಿಲ್ಲ ಎಂದು ನಾನೂ ಮೆಚ್ಚಿಕೊಂಡೆ.

ಆ ಜಾಲರಿಯಿಂದ ಶುರುವಾದದ್ದು ನಿಜವಾದ ಕಾಟ.

ಜೂನ್ ಕೊನೆಗೆ ಮಷೀನು ನಡುವೆಯೇ ಕೈಕೊಡತೊಡಗಿತು. ಡ್ರಮ್ಮು ತಿರುಗುತ್ತದೆ, ಬಿಸಿ ಇಲ್ಲ. ಮೆಕ್ಯಾನಿಕ್ ಬಂದು, ಬಿಸಿ ಮಿತಿ ಮೀರಿದರೆ ಕರೆಂಟು ಕಡಿಯುವ ಒಳಗಿನ ಥರ್ಮಲ್ ಫ್ಯೂಸ್ ಹೋಗಿದೆ ಎಂದು ಬದಲಾಯಿಸಿದ. ಹದಿನೈದು ದಿನಕ್ಕೆ ಮತ್ತೆ ಹೋಯಿತು. ಮತ್ತೆ ಬದಲಾಯಿಸಿದ. ಮೂರನೆಯ ಸಲ ಹೋದರೆ ಹೀಟರನ್ನೇ ಬದಲಾಯಿಸೋಣ ಎಂದ. ಅವನನ್ನು ದೂರುವುದಿಲ್ಲ, ಕೆಟ್ಟದ್ದನ್ನು ಸರಿ ಮಾಡಿ ಎಂದು ನಾವು ತೋರಿಸಿದ್ದು ಮಷೀನನ್ನು, ಅವನು ನೋಡಿದ್ದು ಮಷೀನನ್ನು. ಆದರೆ ಅವನು ವೋಲ್ಟೇಜ್ ಅಳೆದು ಹೇಳಿದ ಒಂದು ಮಾತು ಉಪಯೋಗಕ್ಕೆ ಬಂತು. ಸಂಜೆ ಏಳರ ಹೊತ್ತಿಗೆ ನಮ್ಮಲ್ಲಿ 230 ಇರಬೇಕಾದ ಕಡೆ 185 ವೋಲ್ಟ್ ಇತ್ತು. ಹೀಟರಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಮೂರನೆಯ ಎರಡು ಭಾಗಕ್ಕಿಂತ ತುಸು ಕಡಿಮೆ ಬಿಸಿ. ಅಂದಿನಿಂದ ನಾನು ಡ್ರೈಯರ್ ಹಾಕುವುದು ಬೆಳಿಗ್ಗೆ ಹತ್ತರಿಂದ ಮೂರರೊಳಗೆ.

ಆದರೂ ಫ್ಯೂಸ್ ಯಾಕೆ ಹೋಗುತ್ತಿದೆ ಎಂಬುದಕ್ಕೆ ಅದು ಉತ್ತರವಲ್ಲ. ಬಿಸಿ ಕಡಿಮೆಯಾದರೆ ಫ್ಯೂಸ್ ಉಳಿಯಬೇಕು, ಸುಡಬಾರದು.

ಉತ್ತರ ಸಿಕ್ಕಿದ್ದು ಬಚ್ಚಲೊಲೆಯ ಮುಂದೆ. ಡ್ರೈಯರಿನ ಬಾಗಿಲಲ್ಲಿ ಒಂದು ಜಾಲರಿ ಇರುತ್ತದೆ, ಬಟ್ಟೆಯಿಂದ ಉದುರುವ ನವಿರಾದ ಜುಂಗು ಅದರಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಅದನ್ನು ಲಿಂಟ್ ಎನ್ನುತ್ತಾನೆ. ಅದನ್ನು ಪ್ರತಿ ಸಲ ತೆಗೆಯುತ್ತಿದ್ದೆ, ಅಷ್ಟು ಶಿಸ್ತು ನನಗಿತ್ತು. ತೆಗೆದದ್ದನ್ನು ಎಸೆಯಲು ಅತ್ತೆ ಬಿಡುತ್ತಿರಲಿಲ್ಲ, ಒಂದು ಡಬ್ಬಿಯಲ್ಲಿ ತುಂಬಿಡುತ್ತಿದ್ದರು. ದಿಂಬಿಗೆ ತುಂಬುತ್ತಾರೇನೋ ಎಂದುಕೊಂಡಿದ್ದೆ. ಪುನರ್ವಸು ಮಳೆಯ ಒಂದು ಬೆಳಿಗ್ಗೆ ಹಂಡೆಯ ಒಲೆ ಹತ್ತುತ್ತಿರಲಿಲ್ಲ, ಸೌದೆ ಹಸಿ, ತೆಂಗಿನ ಗರಿಯೂ ಹಸಿ. ಅತ್ತೆ ಡಬ್ಬಿಯಿಂದ ಒಂದು ಹಿಡಿ ಜುಂಗು ತೆಗೆದು ಸೌದೆಯ ಸಂದಿಗೆ ತುರುಕಿ ಕಡ್ಡಿ ಗೀರಿದರು. ಭಗ್ಗೆಂದಿತು. ಸೀಮೆಎಣ್ಣೆಗೆ ತಾಗಿಸಿದ ಹಾಗೆ. "ಎಷ್ಟು ಚೆನ್ನಾಗಿ ಹತ್ತುತ್ತದೆ ನೋಡು, ನಿನ್ನ ಮಷೀನಿನಿಂದ ಇದೊಂದು ಉಪಕಾರ," ಎಂದರು ಅವರು, ಬಹಳ ಸಂತೋಷದಿಂದ.

ನನಗೆ ಕೈಕಾಲು ತಣ್ಣಗಾಯಿತು. ಜಾಲರಿಯಲ್ಲಿ ಸಿಗುವುದು ಇಷ್ಟು. ಸಿಗದೆ ದಾಟಿ ಹೋದದ್ದು ಎಲ್ಲಿದೆ? 22 ಅಡಿ ಪೈಪಿನೊಳಗೆ, ಒಣ ಮರದ ಅಟ್ಟದ ಮೇಲೆ.

ಅಂದೇ ಮಷೀನು ಬಂದ್ ಮಾಡಿ, ಪ್ಲಗ್ ಕಿತ್ತು, ಏಣಿ ಹಾಕಿಸಿದೆ. ಪೈಪಿನ ಬಾಯಿಯ ಸೊಳ್ಳೆ ಪರದೆ ಕಾಣಿಸಲೇ ಇಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಕಂಬಳಿಯ ತುಂಡಿನಂಥದ್ದು ಅಂಟಿಕೊಂಡಿತ್ತು. ಸುಲಿದು ತೆಗೆದರೆ ಅಂಗೈ ದಪ್ಪ. ಅಟ್ಟದ ಮೇಲೆ ಪೈಪು ನಡುವೆ ಜೋತುಬಿದ್ದಿತ್ತು, ಕ್ಲಾಂಪುಗಳನ್ನು ದೂರದೂರ ಹಾಕಿದ್ದರಿಂದ. ಹೊರಗಿನ ಚಳಿಗೆ ಹಬೆ ನೀರಾಗಿ ಆ ತಗ್ಗಿನಲ್ಲಿ ನಿಂತು, ಜುಂಗಿನೊಡನೆ ಬೆರೆತು ಗಂಜಿಯಾಗಿತ್ತು. ಪೈಪಿನ ಬಾಯಿ ಅಷ್ಟರಮಟ್ಟಿಗೆ ಮುಚ್ಚಿದ್ದರೆ ಬಿಸಿಗಾಳಿ ಹೋಗುವುದೆಲ್ಲಿಗೆ? ಮಷೀನಿನೊಳಗೇ ನಿಂತು ಕಾಯುತ್ತದೆ, ಫ್ಯೂಸ್ ತನ್ನ ಕೆಲಸ ತಾನು ಮಾಡುತ್ತದೆ. ಎರಡು ಫ್ಯೂಸುಗಳು ಪ್ರಾಣ ಕೊಟ್ಟು ನಮ್ಮ ಅಟ್ಟ ಉಳಿಸಿದ್ದವು. ಅವನ್ನು ಬದಲಾಯಿಸುವುದಕ್ಕೆ ನಾನು ಗೊಣಗಿದ್ದೆ.

ಆ ರಾತ್ರಿ ಕೂತು ಓದಿದೆ. ಹೆಚ್ಚಿನ ಮನೆಗಳಲ್ಲಿ ಡ್ರೈಯರ್ ಇರುವ ಅಮೆರಿಕದಲ್ಲಿ ಇದಕ್ಕೆ ಬರೆದಿಟ್ಟ ನಿಯಮಗಳಿವೆ. ಕೊಳವೆ ಒಳಮೈ ನುಣುಪಾಗಿರುವ ಲೋಹದ್ದೇ ಆಗಬೇಕು. ಹೆಚ್ಚೆಂದರೆ 35 ಅಡಿ ಉದ್ದ, ಅದರಲ್ಲಿ ಒಂದೊಂದು ಲಂಬಕೋನದ ತಿರುವಿಗೂ 5 ಅಡಿ ಕಳೆಯಬೇಕು. ನಮ್ಮದು 22 ಅಡಿ, ನಾಲ್ಕು ತಿರುವಿಗೆ 20 ಅಡಿ, ಒಟ್ಟು 42. ಅಲ್ಲಿಗೆ ಜಾಲರಿ ಇಲ್ಲದಿದ್ದರೂ ನಾವು ಫೇಲು. ಜೋಡಣೆಗೆ ಒಳಕ್ಕೆ ಚಾಚುವ ಸ್ಕ್ರೂ ಹಾಕಬಾರದು, ಅದರ ಮೊನೆಗೆ ಜುಂಗು ಸಿಕ್ಕಿಕೊಳ್ಳುತ್ತದೆ. ಬಾಯಿಗೆ ಜಾಲರಿ ಕಟ್ಟಲೇಬಾರದು; ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚುವ ರೆಕ್ಕೆ ಇರಬೇಕು. ನಾವು ಮಾಡಬಾರದ್ದನ್ನೆಲ್ಲ ಪಟ್ಟಿ ನೋಡಿಕೊಂಡೇ ಮಾಡಿದಂತಿತ್ತು.

ಪ್ಲಂಬರನನ್ನು ಕರೆಯಲಿಲ್ಲ. ಬಚ್ಚಲೊಲೆಗೆ ಹೊಗೆ ಕೊಳವೆ ಮಾಡಿಕೊಡುವ ತಗಡಿನ ಕೆಲಸದವರು ಮೂಡಿಗೆರೆಯಲ್ಲಿ ಇದ್ದಾರೆ, ವಯಸ್ಸಾದವರು. ಅವರಿಗೆ ಎರಡೇ ಮಾತಿನಲ್ಲಿ ಅರ್ಥವಾಯಿತು. "ಮಸಿಯ ಬದಲು ಹತ್ತಿ ಹೋಗುತ್ತದೆ, ಅಷ್ಟೇ ತಾನೆ ಅಮ್ಮಾ," ಎಂದರು. ಜಿಐ ಶೀಟಿನಲ್ಲಿ ನಾಲ್ಕು ಇಂಚಿನ ಕೊಳವೆ ಮಾಡಿಕೊಟ್ಟರು, ಒಂದರ ತುದಿ ಇನ್ನೊಂದರೊಳಗೆ ಕೂರುವಂತೆ. ಕೂರಿಸುವಾಗ ಗಾಳಿ ಹೋಗುವ ದಿಕ್ಕಿಗೇ ತುದಿ ಇರಬೇಕು ಎಂದು ನಾನು ಹೇಳುವ ಮೊದಲೇ ಅವರು ಹಾಗೇ ಇಟ್ಟಿದ್ದರು. ಜೋಡಣೆಯ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿದೆವು. ಮಾಮೂಲಿ ಪ್ಲಾಸ್ಟಿಕ್ ಟೇಪ್ ಬಿಸಿಗೆ ಬಿಟ್ಟುಹೋಗುತ್ತದೆ.

ಮಷೀನನ್ನು ಉಗ್ರಾಣದ ಪೂರ್ವದ ಗೋಡೆಗೆ ಸರಿಸಿದೆವು, ಗಾಳಿಗೆ ಬೆನ್ನು ಕೊಟ್ಟ ಕಡೆಗೆ. ಗೋಡೆ ಕೊರೆಯುವುದಕ್ಕೆ ಒಂದು ದಿನ ಹಿಡಿಯಿತು. ಒಂದೂವರೆ ಅಡಿ ದಪ್ಪದ ಹಳೆಯ ಮಣ್ಣಿನ ಗೋಡೆ, ಯಂತ್ರದಿಂದ ಕೊರೆದರೆ ಇಡೀ ಮೂಲೆ ಉದುರುತ್ತದೆ ಎಂದು ಮೇಸ್ತ್ರಿ ಹೆದರಿ ಉಳಿಯಿಂದ ಸ್ವಲ್ಪಸ್ವಲ್ಪವೇ ಕೆತ್ತಿದರು. ತೂತು ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿರಲಿ ಎಂದು ನಾನು ಪಕ್ಕದಲ್ಲೇ ನಿಂತು ಹಟ ಮಾಡಿದೆ. ಹಬೆ ನೀರಾದರೆ ಹೊರಗೆ ತೊಟ್ಟಿಕ್ಕಬೇಕು, ಮಣ್ಣಿನ ಗೋಡೆಯೊಳಗೆ ಇಳಿದರೆ ಮುಗಿಯಿತು ಕಥೆ. ಈಗ ಒಟ್ಟು ಉದ್ದ ಆರು ಅಡಿ, ಒಂದೇ ತಿರುವು. ಹೊರಗೆ ತಗಡಿನ ರೆಕ್ಕೆ, ಅದರ ಮೇಲೊಂದು ಪುಟ್ಟ ಮಾಡು.

ಮೊದಲ ಸಲ ಚಾಲೂ ಮಾಡಿ ಹೊರಗೆ ಓಡಿಹೋಗಿ ಬಾಯಿಯ ಮುಂದೆ ಕರ್ಚೀಫು ಹಿಡಿದೆ. ಕೈಯಿಂದ ಕಿತ್ತುಕೊಂಡು ಹೋಗಿ ಕಾಫಿ ಗಿಡದ ಮೇಲೆ ಹಾಕಿತು. ಹಳೆಯ ಪೈಪಿನ ಬಾಯಿಗೆ ಹಿಡಿದಿದ್ದಾಗ ಅದೇ ಕರ್ಚೀಫು ನಿದ್ದೆಗಣ್ಣಿನಲ್ಲಿ ತಲೆಯಾಡಿಸಿದ ಹಾಗೆ ಅಲುಗಿತ್ತು. ಎರಡೂವರೆ ಗಂಟೆಗೆ ಬಂದು ನಿಂತಿದ್ದ ಕೆಲಸ ಈಗ ಒಂದೂಕಾಲು ಗಂಟೆಗೆ ಮುಗಿಯುತ್ತದೆ. ಮೀಟರು ನೋಡಿದೆ: ಒಂದು ಸಲಕ್ಕೆ ಮೂರು ಯೂನಿಟ್ಟಿನ ಆಸುಪಾಸು. ಇದಕ್ಕಿಂತ ಬಹಳ ಇಳಿಸಲು ಇಂಥ ಮಷೀನಿನಲ್ಲಿ ಆಗುವುದಿಲ್ಲ. ಮೂರೂವರೆ ಲೀಟರು ನೀರನ್ನು ಹಬೆ ಮಾಡುವುದಕ್ಕೇ ಎರಡು ಯೂನಿಟ್ಟಿಗೂ ಹೆಚ್ಚು ಬೇಕು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮೂರನೆಯ ದಿನ ಬಚ್ಚಲೊಲೆಯ ಹೊಗೆ ಮನೆಯೊಳಗೆ ತುಂಬಿತು. ಕೊಳವೆಯಲ್ಲಿ ಮೇಲೆ ಹೋಗಬೇಕಾದ ಹೊಗೆ ಒಲೆಯ ಬಾಯಿಯಿಂದಲೇ ಹಿಂದಕ್ಕೆ ಉಕ್ಕುತ್ತಿತ್ತು. ಡ್ರೈಯರ್ ನಿಲ್ಲಿಸಿದರೆ ಸರಿ, ಹಾಕಿದರೆ ಮತ್ತೆ ಅದೇ. ಯೋಚಿಸಿದರೆ ಸರಳವೇ: ಮಷೀನು ನಿಮಿಷಕ್ಕೆ ಸುಮಾರು ನೂರು ಘನ ಅಡಿ ಗಾಳಿಯನ್ನು ಹೊರಗೆ ದಬ್ಬುತ್ತದೆ. ಹತ್ತಡಿಗೆ ಹತ್ತಡಿಯ ಕೋಣೆಯ ಗಾಳಿಯೆಲ್ಲ ಹತ್ತು ನಿಮಿಷದಲ್ಲಿ ಖಾಲಿ. ಅಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು. ಮಳೆಗೆಂದು ನಾವು ಕಿಟಕಿ ಬಾಗಿಲೆಲ್ಲ ಬಿಗಿಯಾಗಿ ಮುಚ್ಚಿದ್ದೆವು; ಉಳಿದ ದಾರಿ ಹೊಗೆ ಕೊಳವೆಯೊಂದೇ.

ಹೊಗೆ ಕಣ್ಣಿಗೆ ಕಂಡಿತು, ಮೂಗಿಗೆ ಬಡಿಯಿತು, ಬೈದುಕೊಂಡು ಕಿಟಕಿ ತೆರೆದೆವು. ಆಗ ನೆನಪಾದದ್ದು ಅದೇ ಮನೆಯೊಳಗೆ ಅತಿಥಿಗಳ ಸ್ನಾನಕ್ಕೆಂದು ಹಾಕಿಸಿದ್ದ ಗ್ಯಾಸ್ ಗೀಸರ್. ಅದರಿಂದ ಬರುವ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಂದು ಊದುಬತ್ತಿ ಹಚ್ಚಿ ಗೀಸರಿನ ಮೇಲಿನ ಗವಾಕ್ಷಿಗೆ ಹಿಡಿದೆ. ಹೊಗೆಯ ಎಳೆ ಹೊರಗೆ ಹೋಗುವ ಬದಲು ನನ್ನ ಮುಖದ ಕಡೆಗೇ ಬಾಗಿತು. ಡ್ರೈಯರ್ ಕೊಳವೆ ಮುಚ್ಚಿದ್ದ ದಿನಗಳಲ್ಲಿ ಇಲ್ಲದ ಅಪಾಯವನ್ನು, ಅದನ್ನು ಚೆನ್ನಾಗಿ ರಿಪೇರಿ ಮಾಡಿ ನಾನೇ ತಂದಿಟ್ಟಿದ್ದೆ. ಬಟ್ಟೆ ಒದ್ದೆ ಇದ್ದರೆ ಅತಿಥಿ ಬೈದು ಹೋಗುತ್ತಾನೆ. ಇದು ಹಾಗಲ್ಲ. ಆ ವಾರದ ಬುಕಿಂಗ್ ಎಲ್ಲ ರದ್ದು ಮಾಡಿ ಗೀಸರನ್ನು ಹೊರಗೋಡೆಗೆ, ಸೂರಿನ ಕೆಳಗೆ ಬಯಲಿಗೆ ಸಾಗಿಸಿದೆ. ಉಗ್ರಾಣದ ಉತ್ತರದ ಕಿಟಕಿಗೆ ಮಳೆ ಹೊಡೆಯದಂತೆ ಓರೆ ಪಟ್ಟಿಗಳನ್ನು ಹೊಡೆಸಿ ಯಾವಾಗಲೂ ತೆರೆದಿರುವಂತೆ ಮಾಡಿಸಿದೆ, ಒಳಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿದೆ. ಈಗ ಮಷೀನಿಗೆ ಬೇಕಾದ ಗಾಳಿ ಹೊರಗಿನಿಂದ ಬಂದು ಹೊರಗೇ ಹೋಗುತ್ತದೆ. ಊದುಬತ್ತಿಯ ಪರೀಕ್ಷೆ ಪ್ರತಿ ಮಳೆಗಾಲದ ಮೊದಲ ದಿನ ನಡೆಯುತ್ತದೆ; ಅತ್ತೆ ಅದನ್ನು ಯಂತ್ರಪೂಜೆ ಎಂದುಕೊಂಡು ಒಂದು ಹೂವನ್ನೂ ಇಡುತ್ತಾರೆ.

ಕೊಳವೆ ಆರೇ ಅಡಿ ಇರುವುದರಿಂದ ತೊಳೆಯುವುದು ಸುಲಭ. ಉದ್ದನೆಯ ಬಾಟಲಿ ಬ್ರಷ್ಷಿಗೆ ಬಿದಿರು ಕಟ್ಟಿ ಹದಿನೈದು ದಿನಕ್ಕೊಮ್ಮೆ ಎಳೆಯುತ್ತೇನೆ. ಬಂದದ್ದು ಅತ್ತೆಯ ಡಬ್ಬಿಗೆ. ಅಡುಗೆಮನೆಯ ಎಣ್ಣೆ ಬಟ್ಟೆಗಳನ್ನು ಮಾತ್ರ ಒಗೆದ ಮೇಲೂ ಡ್ರೈಯರಿಗೆ ಹಾಕುವುದಿಲ್ಲ. ಒಗೆದರೂ ಉಳಿಯುವ ಎಣ್ಣೆ ಬಿಸಿ ಬಟ್ಟೆಯ ರಾಶಿಯಲ್ಲಿ ತಾನಾಗಿಯೇ ಕಾದು ಹತ್ತಿಕೊಳ್ಳುವುದುಂಟು. ಅವಕ್ಕೆ ಇಂದಿಗೂ ಬಚ್ಚಲೊಲೆಯ ತಂತಿಯೇ.

ಹೊಸದಾಗಿ ಕೊಳ್ಳುವವರು ಕೇಳುತ್ತಾರೆ, ಇಷ್ಟೆಲ್ಲ ಯಾಕೆ, ಕೊಳವೆಯೇ ಬೇಡದ ಹೀಟ್ ಪಂಪ್ ಡ್ರೈಯರ್ ಇದೆಯಲ್ಲ ಎಂದು. ಇದೆ. ಹಬೆಯನ್ನು ಒಳಗೇ ನೀರು ಮಾಡಿ ಡಬ್ಬಿಗೆ ತುಂಬಿಸುತ್ತದೆ, ಕರೆಂಟೂ ಬಹಳ ಕಡಿಮೆ. ಗೋಡೆ ಒಡೆಯಲಾಗದ ಬಾಡಿಗೆ ಮನೆಯವರು, ಚಿಕ್ಕಮಗಳೂರಿನ ಅಪಾರ್ಟ್‌ಮೆಂಟಿನವರು ಅದನ್ನೇ ಕೊಳ್ಳಿ. ಬೆಲೆ ಜಾಸ್ತಿ, ನಿಧಾನ, ಜುಂಗು ಅದರಲ್ಲೂ ಸೇರಿಕೊಳ್ಳುತ್ತದೆ, ಅಷ್ಟೇ. ನನಗೆ ಪುಕ್ಕಟೆ ಬಂದದ್ದು ಇದು. ಪುಕ್ಕಟೆ ಬಂದದ್ದಕ್ಕೆ ಎಷ್ಟು ಖರ್ಚಾಯಿತು ಎಂದು ಯಜಮಾನರು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ನಾನು ನೋಡಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಮಡಿವಾಳ ಮತ್ತೆ ಬಂತು. ತಗಡಿನ ರೆಕ್ಕೆಯನ್ನು ನಾಲ್ಕು ದಿನ ಕುಟುಕಿ ನೋಡಿತು. ಆಮೇಲೆ ಹಳೆಯ ಪಿವಿಸಿ ಪೈಪಿನ ಒಂದು ತುಂಡನ್ನು ಯಜಮಾನರು ಹಲಸಿನ ಮರಕ್ಕೆ ಕಟ್ಟಿದರು, ಒಂದು ಕಡೆ ಮುಚ್ಚಿ. ಪ್ಲಂಬರ್ ಹುಡುಗ ಹೇಳಿದ ಇಪ್ಪತ್ತು ವರ್ಷ ಅದು ಅಲ್ಲಿ ಬಾಳಿದರೂ ಬಾಳೀತು, ಹಕ್ಕಿ ಒಪ್ಪಿಕೊಂಡಿದೆ.

ಈಗ ಪುಷ್ಯ ಮಳೆ. ಇದನ್ನು ಬರೆಯುತ್ತಿರುವಾಗಲೇ ಕರೆಂಟು ಹೋಯಿತು, ಡ್ರೈಯರಿನಲ್ಲಿ ಹನ್ನೆರಡು ಟವೆಲ್ಲು ಅರ್ಧ ಬಿಸಿಯಾಗಿ ಕೂತಿವೆ. ಹಾಗೇ ರಾಶಿಯಾಗಿ ಬಿಡುವಂತಿಲ್ಲ. ಹೋಗಿ ತೆಗೆದು ಹರಡಬೇಕು.